ಎಲ್ಲ ಮುಹೂರ್ತವೂ ಯಂಕಪ್ಪನದೇ

ಸಂಗಮೇಶನಿಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಸರ್ಟಿಫಿಕೇಟು ಬಂತು. ಅದು ಬಾರದೆ ಇದ್ದಿದ್ದರೆ ಬಶೀರಾಬಾದಿನ ಈಶಮ್ಮ ತನ್ನ ಗಂಡನನ್ನು ಹಾಸಿಗೆ ಸಮೇತ ಹೊರಗೆ ಹಾಕುತ್ತಿರಲಿಲ್ಲ, ತಾಂಡೂರಿನ ಕೌಶಲ್ಯಾ ಬಿ.ಪಿ. ಗುಳಿಗೆ ಶುರು ಮಾಡುತ್ತಿರಲಿಲ್ಲ, ಜಹೀರಾಬಾದಿನ ಕಲ್ಯಾಣ ಮಂಟಪ ಮದುವೆಯ ಹಂಗಾಮು ಎದುರಿಗಿರುವಾಗ ಪಾರಿವಾಳಗಳ ಪಾಲಾಗುತ್ತಿರಲಿಲ್ಲ.

ಸಂಗಮೇಶ ಆ ಮಂಟಪದ ಮ್ಯಾನೇಜರು. ಹದಿನೇಳು ವರ್ಷ ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಊರವರ ಮದುವೆಯ ತಾರೀಖು ಬರೆದುಕೊಳ್ಳುತ್ತ, ಯಾರ ತಂಟೆಗೂ ಹೋಗದೆ ಇದ್ದವನು. ಆ ಜನವರಿಯಲ್ಲಿ ಎರಡು ದಿನದ ಆನ್‌ಲೈನ್ ತರಬೇತಿಗೆ ಕುಳಿತು, ವೆಬ್ ಫಾರ್ಮುಗಳನ್ನು ಅಂದಗಾಣಿಸುವ ‘ಫ್ರಂಟ್ ಎಂಡ್’ ಎಂಬ ವಿದ್ಯೆ ಕಲಿತ. ಸರ್ಟಿಫಿಕೇಟಿಗೆ ಗಾಜು ಕಟ್ಟಿಸಿ ದೇವರ ಫೋಟೋದ ಪಕ್ಕ ಮೊಳೆ ಹೊಡೆದ. ಬಾಗಿಲ ಮೇಲಿನ ‘ಮ್ಯಾನೇಜರ್’ ಹಲಗೆ ಇಳಿಸಿ ‘ಸಂಗಮೇಶ, ಫ್ರಂಟ್ ಎಂಡ್’ ಎಂದು ಹೊಸದು ತೂಗಿಹಾಕಿದ. ಮರುದಿನ ಸೀಮಂತಕ್ಕೆ ಬಂದವರು ಅದೇ ಮುಂಬಾಗಿಲೆಂದು ತಿಳಿದು, ಎಪ್ಪತ್ತು ಮಂದಿ ಅವನ ಕೋಣೆಯೊಳಗಿಂದಲೇ ಹಾದುಹೋದರು. ಒಬ್ಬ ಮುದುಕಿ ಮಾತ್ರ ನಿಂತು, “ಊಟ ಬ್ಯಾಕ್ ಎಂಡಿನ್ಯಾಗ ಅದೇನಪ?” ಎಂದು ಕೇಳಿದಳು. ಸಂಗಮೇಶ ಹಿಂಬಾಗಿಲ ಕಡೆ ಕೈ ತೋರಿಸಿದ. ವಿದ್ಯಾವಂತನಿಗೆ ಇಂಥ ಅವಮಾನಗಳು ಇದ್ದದ್ದೇ ಎಂದುಕೊಂಡ.

ಮಂಟಪದ ಟ್ರಸ್ಟಿಗೆ ಕಾರ್ಯದರ್ಶಿ ಮಾಲತೀಬಾಯಿ. ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಮುಂದೆ ಟ್ರಸ್ಟಿನ ಉಳಿದ ಸದಸ್ಯರು ಈಗಲೂ ಕೈಕಟ್ಟಿಕೊಂಡೇ ಮಾತಾಡುವುದು.

“ಬಾಯಾರ, ಇನ್ನ ಮ್ಯಾಲ ರಿಜಿಸ್ಟರ್ ಬ್ಯಾಡ್ರಿ,” ಎಂದ ಸಂಗಮೇಶ. “ಮಂದಿ ಮನ್ಯಾಗ ಕುಂತು ಫೋನಿನ್ಯಾಗ ಫಾರ್ಮ್ ತುಂಬ್ತಾರ, ಮಂಟಪ ಬುಕ್ ಆಗ್ತದ. ಬೂಟ್‌ಸ್ಟ್ರ್ಯಾಪ್‌ನ್ಯಾಗ ಮಾಡ್ತೀನ್ರಿ.”

“ಬೂಟಾ?” ಮಾಲತೀಬಾಯಿ ಕನ್ನಡಕ ತೆಗೆದರು. “ಮಂಟಪದಾಗ ಚಪ್ಪಲಿಗೇ ಜಾಗ ಇಲ್ಲ, ನೀ ಬೂಟ್ ತರ್ತೀನಂತಿಯಲ್ಲೋ!”

“ಬೂಟಲ್ರಿ, ಫ್ರೇಮ್‌ವರ್ಕ್ ರಿ. ರೆಡಿಮೇಡ್ ಅಂಗಿ ಇದ್ದಂಗ. ಡಬ್ಬಿ, ಬಟನ್, ಬಣ್ಣ ಎಲ್ಲಾ ಮೊದ್ಲೇ ಹೊಲ್ದು ಇಟ್ಟಿರ್ತಾರ. ನಮ್ಮ ಫಾರ್ಮಿಗಿ ತೊಡಿಸೋದೊಂದೇ ಕೆಲಸ.”

“ತೊಡಿಸು. ಆದ್ರ ಅಕ್ಷರ ನನಗ ಕಾಣಬೇಕು, ನೋಡು.”

ಫಾರ್ಮು ಚೆನ್ನಾಗಿಯೇ ಆಯಿತು, ಅದನ್ನು ಒಪ್ಪಿಕೊಳ್ಳಬೇಕು. ದುಂಡಗಿನ ಮೂಲೆಯ ಡಬ್ಬಿಗಳು, ನೀಲಿ ಗುಂಡಿ. ತಾರೀಖು, ಬುಕ್ ಮಾಡುವವರ ಹೆಸರು, ಊರು, ಫೋನು, ಕಾರ್ಯಕ್ರಮ, ವರನ ಹೆಸರು, ವಧುವಿನ ಹೆಸರು. ಖಾಲಿ ಡಬ್ಬಿಯಲ್ಲಿ ಏನು ಬರೆಯಬೇಕೆಂದು ತೋರಿಸಲು ಒಂದು ಉದಾಹರಣೆಯನ್ನು ತೆಳು ಬೂದು ಬಣ್ಣದಲ್ಲಿ ಹಾಕಿರುವುದು ಆ ವಿದ್ಯೆಯ ಪದ್ಧತಿ. ತುಂಬುವವರು ಒಂದಕ್ಷರ ಒತ್ತಿದ ಕೂಡಲೇ ಅದು ತಾನಾಗಿ ಮಾಯವಾಗುತ್ತದೆ. ಉದಾಹರಣೆಗೆ ಒಂದು ಹೆಸರು ಬೇಕಾಯಿತು. ಸಂಗಮೇಶ ತಲೆ ಎತ್ತಿದ. ಕಿಟಕಿಯಾಚೆ, ತೊಳೆದು ಬೋರಲು ಹಾಕಿದ ಅನ್ನದ ಹಂಡೆಯ ಮೇಲೆ ಅದನ್ನು ದಾನ ಕೊಟ್ಟವರ ಹೆಸರು ಕೆತ್ತಿತ್ತು: ಯಂಕಪ್ಪ, ಬಶೀರಾಬಾದ್. ಅಷ್ಟು ಸಾಕಾಯಿತು. ಫೋನಿನ ಡಬ್ಬಿಗೆ ಬೇರೆಯವರ ನಂಬರು ಹಾಕಿ ತೊಂದರೆ ಕೊಡುವುದು ಬೇಡವೆಂದು ಮಂಟಪದ್ದೇ ನಂಬರು ಹಾಕಿದ. ಕಾರ್ಯಕ್ರಮ, ಮದುವೆ. ವರನ ಹೆಸರಿಗೆ ಮತ್ತೊಂದು ಹಂಡೆ ಹುಡುಕುವ ಬದಲು ಯಂಕಪ್ಪನನ್ನೇ ನಕಲು ಮಾಡಿ ಅಂಟಿಸಿದ. ವಧುವಿನ ಡಬ್ಬಿಗೆ ಬಂದಾಗ ಮಾತ್ರ ಅವನ ಸಂಸ್ಕಾರ ಅಡ್ಡ ಬಂತು. ಪರರ ಮನೆಯ ಹೆಣ್ಣುಮಗಳ ಹೆಸರನ್ನು ಹೀಗೆ ಬೀದಿಗೆ ತರಬಾರದು. ‘ಇನ್ನೂ ನಿಶ್ಚಯವಾಗಿಲ್ಲ’ ಎಂದು ಬರೆದ.

ಮಾಲತೀಬಾಯಿ ಫೋನನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು. “ಏನ್ ಕಾಣವಲ್ದು. ಬೂದಿ ಬಳದಂಗ ಅದ. ಕಪ್ಪಗ ಮಾಡು.”

“ಬಾಯಾರ, ಅದು ತೆಳ್ಳಗೇ ಇರ್ಬೇಕಂತ—”

“ಕಪ್ಪಗ ಮಾಡು ಅಂದೆ.”

ಸಂಗಮೇಶ ಕಪ್ಪಗೆ ಮಾಡಿದ, ದಪ್ಪಗೂ ಮಾಡಿದ. ದಪ್ಪಗೆ ಮಾಡಿದ್ದಕ್ಕೆ ಸಣ್ಣ ಫೋನಿನಲ್ಲಿ ಹೆಸರಿಗೆ ಮೊದಲು ಹಾಕಿದ್ದ ‘ಉದಾ:’ ಎಂಬ ಮಾತು ಹಿಡಿಸದೆ ಹೆಸರಿನ ಬಾಲ ಕತ್ತರಿಸಿಹೋಗುತ್ತಿತ್ತು. ‘ಉದಾ:’ ತೆಗೆದುಹಾಕಿದ. ಖಾಲಿ ಬಿಟ್ಟು ಗುಂಡಿ ಒತ್ತಿದರೆ ಡಬ್ಬಿಯ ಸುತ್ತ ಕೆಂಪು ಗೆರೆ ಎದ್ದು, ಕೆಳಗೆ ಎಚ್ಚರಿಕೆಯ ಮಾತೊಂದು ಬರುತ್ತದಷ್ಟೆ. ಅದಕ್ಕೆ ಶುದ್ಧ ಕನ್ನಡದಲ್ಲಿ ‘ಸ್ವೀಕರಿಸಲಾಗುವುದಿಲ್ಲ’ ಎಂದು ಹಾಕಿದ. ಮಾಲತೀಬಾಯಿ ಮೆಚ್ಚಿದರು. “ಈಗ ನೋಡು, ಲಗ್ನಪತ್ರಿಕೆ ಹಂಗ ಕಾಣ್ತದ.” ತಾಂಡೂರಿನಿಂದ ನಾರಾಯಣಖೇಡದವರೆಗೆ ಇದ್ದಬದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಫಾರ್ಮಿನ ಕೊಂಡಿ ಹೋಯಿತು.

ತಾಂಡೂರಿನಲ್ಲಿ ಕೌಶಲ್ಯಾ ಎಂಬಾಕೆ ಶಾಲೆಯಲ್ಲಿ ಲೆಕ್ಕ ಕಲಿಸುವ ಟೀಚರು. ಮಗಳು ಸೌಮ್ಯಶ್ರೀಗೆ ನಾರಾಯಣಖೇಡದ ಕಡೆ ಗಂಡು ಗೊತ್ತಾಗಿತ್ತು. ಎರಡೂ ಕಡೆಯವರಿಗೆ ಅನುಕೂಲವೆಂದು ನಡುವಿನ ಜಹೀರಾಬಾದಿನಲ್ಲೇ ಮದುವೆಯೆಂದು ಮಾತಾಗಿ, ಏಪ್ರಿಲ್ ಇಪ್ಪತ್ತರ ಮುಹೂರ್ತವೂ ಸಿಕ್ಕಿತ್ತು. ಮಂಟಪ ಹಿಡಿಯುವುದಷ್ಟೇ ಬಾಕಿ. ಅದಕ್ಕಾಗಿಯೇ ಸಿರ್ಗಾಪುರದಿಂದ ಅವಳ ತಮ್ಮ ದತ್ತು ಬಂದಿದ್ದ. ಹೊಲ ಮಾಡಿಕೊಂಡಿರುವ ಮನುಷ್ಯ. ಆದರೆ ಸಿಟ್ಟು ಮಾತ್ರ ಯಾವ ಅಧಿಕಾರಿಗೂ ಕಮ್ಮಿಯಿಲ್ಲ.

ಕೌಶಲ್ಯಾ ಇಪ್ಪತ್ತನೆಯ ತಾರೀಖು ಒತ್ತಿದಳು. ಅದರ ಕೆಳಗೇ ಕಪ್ಪಗೆ, ದಪ್ಪಗೆ ಕುಳಿತಿತ್ತು: ಯಂಕಪ್ಪ, ಬಶೀರಾಬಾದ್.

“ಹೋತು. ಯಾರೋ ಹಿಡಿದಾರ,” ಎಂದು ಇಪ್ಪತ್ತೆರಡು ಒತ್ತಿದಳು. ಯಂಕಪ್ಪ. ಇಪ್ಪತ್ತಾರು. ಯಂಕಪ್ಪ. ಮೇ ತಿಂಗಳಿಗೆ ಹೋದಳು. ಅಲ್ಲಿಗೂ ಯಂಕಪ್ಪ ಮುಂಚೆಯೇ ಹೋಗಿ ಕೂತಿದ್ದ.

ದತ್ತು ಫೋನು ಕಿತ್ತುಕೊಂಡು ನೀಲಿ ಗುಂಡಿಯನ್ನು ಹೆಬ್ಬೆರಳಿನಿಂದ ಗುದ್ದಿದ. ಡಬ್ಬಿಗಳೆಲ್ಲ ಕೆಂಪಾದವು. ಸ್ವೀಕರಿಸಲಾಗುವುದಿಲ್ಲ, ಸ್ವೀಕರಿಸಲಾಗುವುದಿಲ್ಲ, ಸ್ವೀಕರಿಸಲಾಗುವುದಿಲ್ಲ ಎಂದು ಮೇಲಿನಿಂದ ಕೆಳಗಿನವರೆಗೆ.

“ಅಕ್ಕ, ಇದ್ರಾಗ ವರನೂ ಇಂವನೇ ಅಂತ ಅದ!” ದತ್ತುವಿನ ದನಿ ಏರಿತು. “ಹೆಣ್ಣು ಇನ್ನೂ ನಿಶ್ಚಯ ಆಗಿಲ್ಲಂತ. ಹೆಣ್ಣೇ ಇಲ್ದ ಪೂರಾ ಹಂಗಾಮ ಹಿಡಿದಾನಲ್ಲ, ಯಾವ ನವಾಬ ಇಂವ? ಸಿಕ್ಕ ದಿನ ಮಾಡ್ಕೋತಾನಂತೇನು?”

ಕೌಶಲ್ಯಾ ಅಲ್ಲಿದ್ದ ನಂಬರಿಗೆ ಫೋನು ಹಚ್ಚಿದಳು. ಎತ್ತಿದವನು ಸಂಗಮೇಶ.

“ಯಂಕಪ್ಪನವ್ರಾ?”

“ಅಲ್ರಿ, ಜಹೀರಾಬಾದ್ ಮಂಟಪ.”

“ಆಗ್ಲೇ ಮಂಟಪದಾಗ ಬಂದು ಕುಂತಾನೇನ್ರಿ ಅಂವ?”

“ಯಾರ್ರಿ?”

“ಮದಿಮಗ!”

“ಇವತ್ತು ಇಲ್ಲಿ ಯಾರ ಮದಿನೂ ಇಲ್ರಿ ಅಮ್ಮ. ನಿಮಗ ಮಂಟಪ ಬೇಕಿದ್ರ ಫಾರ್ಮ್ ತುಂಬ್ರಿ.”

“ತುಂಬ್ಯದಲ್ರಿ!”

“ತುಂಬಿದ್ರ ಆತಲ್ರಿ ಮತ್ತ, ಕಳಿಸ್ರಿ.”

“ನಾ ತುಂಬಿಲ್ರಿ, ಅಂವ ತುಂಬ್ಯಾನ!”

“ಅಂವ ತುಂಬಿದ್ರ ಅಂವಗೇ ಕಳ್ಸಾಕ ಹೇಳ್ರಿ!” ಎಂದು ಸಂಗಮೇಶ ಫೋನು ಕುಕ್ಕಿದ. ಇಂಥ ಅಜ್ಞಾನದ ನಡುವೆ ತಾನೊಬ್ಬ ಎಷ್ಟೆಂದು ಬೆಳಕು ಹಚ್ಚಲಿ ಎಂದು ಗೋಡೆಯ ಸರ್ಟಿಫಿಕೇಟನ್ನು ನೋಡಿ ನಿಟ್ಟುಸಿರು ಬಿಟ್ಟ.

ಮೂರು ವಾರದಲ್ಲಿ ಸುದ್ದಿ ಬೆಳೆಯಿತು. ಬಶೀರಾಬಾದಿನ ಒಬ್ಬ ದೊಡ್ಡ ಕುಳ ಜಹೀರಾಬಾದಿನ ಮಂಟಪವನ್ನು ಪೂರಾ ಹಂಗಾಮಿಗೆ ಹಿಡಿದಿದ್ದಾನಂತೆ. ಪೆದ್ದೆಮುಲ್‌ನಲ್ಲಿ ಅವನಿಗೆ ಹೆಣ್ಣು ನೋಡುತ್ತಿದ್ದಾರಂತೆ. ನಾರಾಯಣಖೇಡಕ್ಕೆ ಹೋಗುವ ಹೊತ್ತಿಗೆ ಹೆಣ್ಣುಗಳು ಮೂರಾಗಿದ್ದವು. ಇತ್ತ ಸಂಗಮೇಶ ದಿನಾ ಬೆಳಿಗ್ಗೆ ಬುಕಿಂಗಿನ ಪಟ್ಟಿ ತೆರೆದು ನೋಡುತ್ತಿದ್ದ. ಪಟ್ಟಿ ತೊಳೆದ ತಟ್ಟೆಯ ಹಾಗೆ ಖಾಲಿ.

ಮಾಲತೀಬಾಯಿ ಒಂದು ದಿನ ಛತ್ರಿ ಬೀಸುತ್ತ ಬಂದರು. “ಗುಡಿಯಾಗ ಮೂರು ಮಂದಿ ನನ್ನ ತಡ್ದು ಕೇಳ್ಯಾರ. ಯಾಂವನೋ ಯಂಕಪ್ಪನಂತ, ಎಲ್ಲಾ ಮುಹೂರ್ತ ಹಿಡಿದಾನಂತ. ಟ್ರಸ್ಟಿಗಿ ಹೇಳ್ದ ಒಬ್ಬಾಂವಗ ಹ್ಯಾಂಗ ಕೊಟ್ಟಿ?”

ಸಂಗಮೇಶ ಪಟ್ಟಿ ತೋರಿಸಿದ. “ಆ ಹೆಸರಿಂದ ಒಂದೂ ಬಂದಿಲ್ರಿ ಬಾಯಾರ. ಬ್ಯಾರೆ ಹೆಸರಿಂದನೂ ಬಂದಿಲ್ರಿ.”

ಆ ಹೆಸರನ್ನು ತಾನೇ ಕೈಯಾರೆ ಹಾಕಿದವನಿಗೆ ಆಗಲೂ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಾವ ದೇವರ ಚಿತ್ರವಿದೆ, ಎದ್ದು ನೋಡದೆ ಹೇಳಿ ನೋಡೋಣ. ಸಂಗಮೇಶನಿಗೆ ಫಾರ್ಮಿನಲ್ಲಿದ್ದದ್ದು ಒಂದು ಉದಾಹರಣೆ. ಊರು ಕೆಡಿಸುತ್ತಿರುವವನು ಒಬ್ಬ ಮನುಷ್ಯ. ಅವನ ತಲೆಯಲ್ಲಿ ಇಬ್ಬರೂ ಒಮ್ಮೆಯೂ ಎದುರುಬದುರಾಗಲಿಲ್ಲ.

“ಇದು ಷಡ್ಯಂತ್ರ ರಿ,” ಎಂದ, ಮೇಜು ಬಡಿದು. “ನಮ್ಮ ಫಾರ್ಮ್ ಚಂದ ಆಗ್ಯದಂತ ಯಾರೋ ಹೊಟ್ಟಿಕಿಚ್ಚಿಗಿ ಆ ಯಂಕಪ್ಪನ್ನ ಮುಂದ ಬಿಟ್ಟು ಅಫವಾ ಹಬ್ಬಿಸ್ಯಾರ. ಸೈಬರ್ ಕ್ರೈಮ್ ರಿ ಇದು! ನಾನೇ ಹೋಗಿ ಅವನ ಮಾರಿ ನೋಡಿ ಬರ್ತೀನಿ.”

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲದಲ್ಲಿ ಲ್ಯಾಪ್‌ಟಾಪು ಮತ್ತು ಗೋಡೆಯಿಂದ ಇಳಿಸಿದ ಸರ್ಟಿಫಿಕೇಟು ಇಟ್ಟುಕೊಂಡು ಬಸ್ಸು ಹತ್ತಿದ. ತಾಂಡೂರಿನಲ್ಲಿ ಬಸ್ಸು ಬದಲಿಸಿ ಬಶೀರಾಬಾದಿನಲ್ಲಿ ಇಳಿದು, “ಯಂಕಪ್ಪನ ಮನಿ ಎಲ್ಲಿ?” ಎಂದು ಕೇಳುವ ಮೊದಲೇ ಚಹಾದ ಅಂಗಡಿಯವನು ಕೈ ತೋರಿಸಿದ: “ತಾರೀಖಿಗೇನ್ರಿ? ಸೀದಾ ಹೋಗ್ರಿ, ಭಾಳ ಮಂದಿ ಅದಾರ.”

ಈ ಯಂಕಪ್ಪ ಅರವತ್ತಾರು ವರ್ಷದ ತೊಗರಿ ಬೆಳೆಯುವ ರೈತ. ಅಲ್ಲಿಯವರೆಗೆ ಯಾರಾದರೂ ಅವನ ಮನೆಗೆ ಬರುತ್ತಿದ್ದದ್ದು ಟ್ರ್ಯಾಕ್ಟರು ಕೇಳಲು ಮಾತ್ರ. ಮೊದಲ ಮದುವೆ ಮನೆಯವರು ಕೈಮುಗಿದು ಅಂಗಳದಲ್ಲಿ ನಿಂತಾಗ ಅವನು, “ನನಗೇನೂ ಗೊತ್ತಿಲ್ಲಪ್ಪ,” ಎಂದ. ಅವರು ಅದನ್ನು ದೊಡ್ಡವರ ಗತ್ತು ಎಂದು ತಿಳಿದು ಬಾಳೆಹಣ್ಣಿನ ಗೊನೆ ಇಟ್ಟು ಹೋದರು. ಎರಡನೆಯವರಿಗೂ ಅದನ್ನೇ ಹೇಳಿದ. ಐದನೆಯವರು ಕಾಲಿಗೆ ಬೀಳಲು ಬಂದಾಗ ಬಾಯಿಂದ “ನೋಡೋಣ” ಎಂದು ಬಂತು. ಆಮೇಲೆ ಅದು ತಡೆಯಲಾಗದ ಚಟವಾಯಿತು. “ಹೋಗ್ರಿ, ಇಪ್ಪತ್ತಾರನೇ ತಾರೀಖ ನಿಮಗ ಬಿಟ್ಟೀನಿ,” ಎಂದು ಕೈ ಬೀಸಿ ಹೇಳುವ ಸುಖ ಅವನಿಗೆ ಅರವತ್ತಾರು ವರ್ಷದಲ್ಲಿ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವಳು ಫಾರ್ಮನ್ನು ತಂದು ಈಶಮ್ಮನಿಗೆ ಗಟ್ಟಿಯಾಗಿ ಓದಿದಳು. ವರ, ಯಂಕಪ್ಪ. ವಧು, ಇನ್ನೂ ನಿಶ್ಚಯವಾಗಿಲ್ಲ. ಈಶಮ್ಮ ಮೊದಲು ಗಂಡನ ಹಾಸಿಗೆ ಎತ್ತಿ ಹೊರಗಿನ ಕಟ್ಟೆಗೆ ಒಗೆದು, ಆಮೇಲೆ ಮಾತಾಡಿದಳು: “ಜಹೀರಾಬಾದಿನ್ಯಾಗ ಅಷ್ಟು ದೊಡ್ಡ ಮಂಟಪ ಹಿಡಿದೀಯಲ್ಲ, ಅಲ್ಲೇ ಹೋಗಿ ಮಲ್ಕೋ.” ಅದಾಗಿ ಹತ್ತು ದಿನವಾಗಿತ್ತು. ಯಂಕಪ್ಪ ಕಟ್ಟೆಯ ಮೇಲಿನ ಅದೇ ಹಾಸಿಗೆಗೆ ಒರಗಿ ದರಬಾರು ನಡೆಸುತ್ತಿದ್ದ.

ಸಂಗಮೇಶ ಅಂಗಳಕ್ಕೆ ಕಾಲಿಟ್ಟಾಗ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, “ನನ್ನ ಮಗಳದ್ದೊಂದೇ ಮದಿ ರಿ. ಇಪ್ಪತ್ತನೇ ತಾರೀಖೊಂದು ಬಿಡ್ರಿ. ಬೀಗರು ಮಂಟಪ ಸಿಗಲಿಲ್ಲಂದ್ರ ಮುಂದಿನ ವರ್ಷ ನೋಡೋಣ ಅಂತಾರ,” ಎನ್ನುತ್ತಿದ್ದಳು. ಅವಳೇ ಕೌಶಲ್ಯಾ. ಪಕ್ಕದಲ್ಲಿ ದತ್ತು ಹಲ್ಲು ಕಡಿಯುತ್ತ ನಿಂತಿದ್ದ.

“ಯಂಕಪ್ಪ ಅಂದ್ರ ಯಾರು?” ಸಂಗಮೇಶ ಗುಡುಗಿದ.

“ನಾನೇ. ಯಾವ ತಾರೀಖ ಬೇಕು?” ಎಂದ ಯಂಕಪ್ಪ ಶಾಂತವಾಗಿ. “ಜರಾ ಲೈನಿನ್ಯಾಗ ಬರ್ರಿ.”

“ತಾರೀಖ ಕೊಡಾಕ ನೀವ್ಯಾರ್ರಿ? ಮಂಟಪದ ಮ್ಯಾನೇಜರ್ ನಾನು! ನೀವು ಒಂದರೆ ದಿನ ಬುಕ್ ಮಾಡಿಲ್ಲ. ಪಟ್ಟಿ ಇಲ್ಲೇ ಅದ ನನ್ನ ಹತ್ರ!” ಎಂದು ಚೀಲಕ್ಕೆ ಕೈಹಾಕಿ ಮೊದಲು ಸಿಕ್ಕಿದ್ದನ್ನು ಎಳೆದು ಎತ್ತಿ ಹಿಡಿದ. ಅದು ಸರ್ಟಿಫಿಕೇಟು. ಅಂಗಳದವರು ಅದನ್ನೇ ಪಟ್ಟಿ ಎಂದು ತಿಳಿದು ಕತ್ತು ಉದ್ದ ಮಾಡಿದರು.

ಗದ್ದಲಕ್ಕೆ ಈಶಮ್ಮ ತೊಗರಿ ಹಸನು ಮಾಡುತ್ತಿದ್ದ ಮೊರ ಹಿಡಿದೇ ಹೊರಗೆ ಬಂದಳು. “ನೀನೇ ಏನಪ್ಪ ಮಂಟಪದಾಂವ? ಬಾ, ಬಾ. ನನ್ನ ಗಂಡಗ ಹೆಣ್ಣು ಹುಡ್ಕೋ ಧಂದಾನೂ ನಿಂದೇ ಏನು?”

“ಇಲ್ರಿ ತಾಯಿ! ಇವ್ರು ಮದಿಮಗನೇ ಅಲ್ರಿ! ಬುಕ್ಕೇ ಮಾಡಿಲ್ರಿ!”

“ಮತ್ತ ಇದೇನು?” ಪಕ್ಕದ ಮನೆಯವಳ ಫೋನನ್ನು ಅವಳು ಅವನ ಮೂಗಿಗೆ ಹಿಡಿದಳು.

ಸಂಗಮೇಶ ನೋಡಿದ. ಹಗುರಾಗಿ ನಕ್ಕ. “ಇದಾ? ಇದು ಬರೇ ಉದಾಹರಣೆ ರಿ.”

“ಓಹೋ, ಹೆಸರ ಸೈತ ಗೊತ್ತಾತು!” ಈಶಮ್ಮ ಮೊರವನ್ನು ನೆಲಕ್ಕೆ ಬಡಿದಳು. “ಯಾವೂರಾಕಿ ಈ ಉದಾಹರಣಿ?”

“ಹೆಣ್ಣಲ್ರಿ! ಏನ್ ಬರೀಬೇಕಂತ ತೋರ್ಸಾಕ ಇಟ್ಟಿದ್ದು. ಖಾಲಿ ಡಬ್ಬಿ ಇದು. ನೋಡ್ರಿ!” ಎಂದು ಡಬ್ಬಿಯ ಮೇಲೆ ಬೆರಳಿಟ್ಟು ಒಂದು ಅಕ್ಷರ ಒತ್ತಿದ. ಯಂಕಪ್ಪ ಮಾಯವಾದ. ಅಳಿಸಿದ, ಯಂಕಪ್ಪ ಮತ್ತೆ ಬಂದ. ಇನ್ನೊಮ್ಮೆ ಒತ್ತಿದ. ಮಾಯ. ಮೂರನೆಯ ಸಲ ಒತ್ತುವ ಹೊತ್ತಿಗೆ ಸಂಗಮೇಶನ ನಗು ನಿಂತಿತ್ತು. ಅವನ ತಲೆಯೊಳಗಿನ ಇಬ್ಬರು ಯಂಕಪ್ಪರು ಬಶೀರಾಬಾದಿನ ಆ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಎದುರುಬದುರಾಗಿದ್ದರು.

ಕೌಶಲ್ಯಾ ಕ್ಲಾಸಿನಲ್ಲಿ ತಪ್ಪು ಲೆಕ್ಕ ಹಿಡಿಯುವ ದನಿಯಲ್ಲಿ ಕೇಳಿದಳು: “ಅಂದ್ರ ಇಷ್ಟು ದಿನ ಇಲ್ಲಿ ಏನೂ ಇರಲೇ ಇಲ್ಲ?”

“ಖಾಲಿನೇ ಇತ್ರಿ.”

“ಖಾಲಿ ಇದ್ದದ್ದನ್ನ ಯಾಕ ಇಷ್ಟು ಕಪ್ಪಗ ಬರ್ದಿ?”

“ಬಾಯಾರಿಗಿ ಕಾಣ್ತಿರಲಿಲ್ರಿ.”

“ನಾ ಸಿರ್ಗಾಪುರದಿಂದ ಮೂರು ಬಸ್ ಬದಲ್ಸಿ ಬಂದೀನಿ!” ಎಂದು ದತ್ತು ಎಗರಿದ. “ಒಂದಕ್ಷರ ಒತ್ತಿದ್ರ ಹೋಗಾಂವಗ ನಾ ಕೈ ಮುಗ್ದು ನಿಂತಿದ್ನಾ?” ಎಂದು ಯಂಕಪ್ಪನ ಕಡೆ ನೋಡಿದ. ಅಂಗಳದವರೆಲ್ಲ ನೋಡಿದರು, ಅವನು ಈಗಲೇ ಕಟ್ಟೆಯ ಮೇಲಿಂದ ಮಾಯವಾಗಬೇಕೆಂಬಂತೆ.

ಯಂಕಪ್ಪನಿಗೆ ಸಿಟ್ಟು ಬಂತು. “ನನ್ನ ಕೇಳ್ದ ನನ್ನ ಹೆಸರ ಹಾಕಿದ್ದು ಒಂದು ತಪ್ಪು. ಇಷ್ಟು ಮಂದಿ ಮುಂದ ಅಳ್ಸಿದ್ದು ಅದಕಿಂತ ದೊಡ್ಡ ತಪ್ಪು! ಹಂಡೆ ಕೊಟ್ಟಾಂವಗ ಹಿಂಗಾ ಇಜ್ಜತ್ ಮಾಡೋದು?”

“ನೀ ಸುಮ್ಕಿರು,” ಎಂದಳು ಈಶಮ್ಮ. ಅವಳ ದನಿ ತಗ್ಗಿತ್ತು. “ಇಂವ ತಿಳೀದ ಮಾಡ್ಯಾನ. ನೀ ತಿಳ್ದು ಕುಂತಿದ್ದಿ. ಹತ್ತು ದಿನ ಆತು, ನಾ ನಳದ ಕಡಿ ಹೋಗಿಲ್ಲ. ನಾ ಹೋದ್ರ ಹೆಂಗಸ್ರು ಮಾತು ನಿಲ್ಸಿ, ‘ನೀ ಮೊದ್ಲ ತುಂಬ್ಕೋ ಯಕ್ಕ’ ಅಂತ ಜಾಗ ಬಿಡ್ತಾರ. ನಲವತ್ತು ವರ್ಷದಾಗ ಯಾರೂ ಬಿಟ್ಟಿರಲಿಲ್ಲ. ‘ಮಂಟಪ ನಂದಲ್ಲ’ ಅಂತ ಮನ್ಯಾಗ ಬಂದು ಒಂದು ಮಾತು ನನಗರೆ ಹೇಳ್ಬಾರ್ದಿತ್ತಾ?”

ಯಂಕಪ್ಪ ಹಾಸಿಗೆ ಬಿಟ್ಟು ಎದ್ದ. ಸಂಗಮೇಶ ಸರ್ಟಿಫಿಕೇಟನ್ನು ಮೆಲ್ಲಗೆ ಚೀಲಕ್ಕೆ ಸರಿಸಿ, ಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪು ತೆರೆದ. ಎಲ್ಲರೂ ಸುತ್ತ ನಿಂತು ಕಾವಲು ಕಾದರು. ವರನ ಡಬ್ಬಿಯಿಂದ ಯಂಕಪ್ಪ ಹೋದ, ಊರಿನ ಡಬ್ಬಿಯಿಂದ ಬಶೀರಾಬಾದು ಹೋಯಿತು, ನಿಶ್ಚಯವಾಗದ ವಧುವೂ ಹೋದಳು. ‘ಸ್ವೀಕರಿಸಲಾಗುವುದಿಲ್ಲ’ ಇದ್ದಲ್ಲಿ ‘ಇಲ್ಲಿ ಬರೆಯಿರಿ’ ಎಂದಾಯಿತು. “ಇನ್ನೊಮ್ಮೆ ತೋರ್ಸು,” ಎಂದು ಈಶಮ್ಮ ಒಂದೊಂದು ಡಬ್ಬಿಯನ್ನೂ ಬಗ್ಗಿ ನೋಡಿ, ಯಾವ ಮೂಲೆಯಲ್ಲೂ ಗಂಡ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಟ್ಟೆಯ ಹಾಸಿಗೆಯನ್ನು ಸುತ್ತಿ ಒಳಗೆ ಒಯ್ದಳು. ಕೌಶಲ್ಯಾ ಅಲ್ಲೇ ನಿಂತು ಏಪ್ರಿಲ್ ಇಪ್ಪತ್ತು ಒತ್ತಿ, ಮಗಳ ಹೆಸರು ಬರೆದಳು. ಡಬ್ಬಿ ಹಸಿರಾಯಿತು. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕುಳಿತೇಬಿಟ್ಟಳು.

ಮಾಲತೀಬಾಯಿ ಕೆಂಪು ರಿಜಿಸ್ಟರನ್ನು ಮತ್ತೆ ಮೇಜಿಗೆ ತಂದರು. ತಾವು ಕಪ್ಪಗೆ ಮಾಡಿಸಿದ ಮಾತನ್ನು ಅವರೂ ಎತ್ತಲಿಲ್ಲ, ಸಂಗಮೇಶನಿಗೂ ಎತ್ತುವ ಧೈರ್ಯವಿರಲಿಲ್ಲ. ಬದಲಿಗೆ ಮೂರು ಊರಿನ ಮದುವೆ ಮನೆಗಳಿಗೆಲ್ಲ ಹೋಗಿ ಖುದ್ದಾಗಿ ತಿಳಿಸಿ ಬಾ ಎಂದು ಅವನನ್ನು ಅಟ್ಟಿದರು. ಆತ ಹೋದ. ಬೂದು ಬಣ್ಣ, ಕಪ್ಪು ಬಣ್ಣ, ಖಾಲಿ ಡಬ್ಬಿ ಎಂದು ಗಂಟಲು ಹರಿಯುವವರೆಗೆ ವಿವರಿಸಿದ. ಯಾರಿಗೂ ಅದು ಹಿಡಿಸಲಿಲ್ಲ. ಅವನಿಗಿಂತ ಮೊದಲೇ ಸುಲಭವಾದ ಸುದ್ದಿಯೊಂದು ಎಲ್ಲರ ಮನೆ ತಲುಪಿತ್ತು: ಬಶೀರಾಬಾದಿನ ಯಂಕಪ್ಪನವರು ಹೆಣ್ಣು ಹೆತ್ತವರ ಕಣ್ಣೀರು ನೋಡಲಾರದೆ ಎಲ್ಲ ತಾರೀಖು ಬಿಟ್ಟುಕೊಟ್ಟರಂತೆ. “ನೀವೇನರೆ ಹೇಳ್ರಿ, ದೊಡ್ಡ ಮನುಷ್ಯ ಅಂವ,” ಎಂದು ನಾರಾಯಣಖೇಡದಲ್ಲಿ ಒಬ್ಬರು ಸಂಗಮೇಶನಿಗೇ ಬುದ್ಧಿ ಹೇಳಿದರು.

ಏಪ್ರಿಲ್ ಇಪ್ಪತ್ತರಂದು ಸೌಮ್ಯಶ್ರೀಯ ಮದುವೆ ಜಹೀರಾಬಾದಿನ ಮಂಟಪದಲ್ಲಿ ಸಡಗರದಿಂದ ನಡೆಯಿತು. ಮೊದಲ ಸಾಲಿನಲ್ಲಿ ಶಾಲು ಹೊದ್ದ ಯಂಕಪ್ಪ, ಪಕ್ಕದಲ್ಲಿ ಹೊಸ ಇಳಕಲ್ ಸೀರೆಯ ಈಶಮ್ಮ. ಬಂದವರೆಲ್ಲ ಅಕ್ಷತೆ ಹಾಕಿ ಇಳಿದು ಅವನಿಗೊಂದು ನಮಸ್ಕಾರ ಹಾಕಿಯೇ ಊಟಕ್ಕೆ ಹೋಗುತ್ತಿದ್ದರು. ಅವನು ಪ್ರತಿಯೊಬ್ಬರಿಗೂ ಕೈ ಎತ್ತಿ ಹರಸುತ್ತಿದ್ದ. ಸಂಗಮೇಶ ಬೆಳಗಿನಿಂದ ಕುರ್ಚಿ ಎಳೆದು, ನೀರು ತುಂಬಿಸಿ, ಬೆವರಿನಲ್ಲಿ ತೊಯ್ದು ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಯಾರೂ ನಮಸ್ಕಾರ ಹಾಕಲಿಲ್ಲ.

ಬೀಗರ ಕಡೆಯ ಹಿರಿಯರೊಬ್ಬರು ಅವನನ್ನು ಕಂಡು ಕರುಣೆಯಿಂದ ಹತ್ತಿರ ಬಂದರು. “ಮುಂಜಾನಿಂದ ನೋಡ್ಲಾಕತ್ತೀನಿ, ಭಾಳ ಓಡ್ಯಾಡ್ಲಾಕತ್ತೀರಿ. ನೀವು ಯಾರ ಕಡಿಯವ್ರು?”

ಸಂಗಮೇಶ ನೆಟ್ಟಗಾದ. ಹದಿನೇಳು ವರ್ಷದ ನೌಕರಿ, ಎರಡು ದಿನದ ತರಬೇತಿ, ಬೂದು ಮತ್ತು ಕಪ್ಪು ಬಣ್ಣದ ಪೂರ್ತಿ ಸತ್ಯ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಬೇಕೆಂದು ಎದೆ ತುಂಬ ಗಾಳಿ ಎಳೆದುಕೊಂಡ.

“ಅಂವ ನಮ್ಮ ಹುಡುಗ,” ಎಂದ ಯಂಕಪ್ಪ ಮೊದಲ ಸಾಲಿನಿಂದ ತಿರುಗಿ. “ಮಂಟಪ ನೋಡ್ಕೊಳ್ಳಾಕ ಇಟ್ಟೀನಿ.”

ಸಂಗಮೇಶನ ಬಾಯಿ ತೆರೆಯಿತು. ಈಶಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವನ ಕಡೆ ನೋಡಿದಳು. “ಭಾಳ ಸೆಕಿ ಆಗ್ಲಾಕತ್ತದಪ್ಪ ಸಂಗಮೇಶ. ಜರಾ ಫ್ಯಾನ್ ಜೋರು ಮಾಡು.”

ಸಂಗಮೇಶ ಬಾಯಿ ಮುಚ್ಚಿಕೊಂಡು, ಹೋಗಿ, ಫ್ಯಾನು ಜೋರು ಮಾಡಿದ.